ಐದು ದಿನದ ಮಾತ್ರೆ

ಹೋದ ಬೇಸಿಗೆಯಲ್ಲಿ ಒಂದು ಮದುವೆಗೆಂದು ವಿಜಯವಾಡದ ಮೇಲೆ ಹಾದುಹೋಗುತ್ತಿದ್ದೆ. ಎದುರು ಸೀಟಿನ ಹೆಂಗಸು ಮಧ್ಯಾಹ್ನದ ಊಟಕ್ಕೆ ಸ್ಟೀಲಿನ ಡಬ್ಬಿ ತೆರೆದರು. ಬೆಳಗಿನ ಜಾವ ಕಲಸಿದ ಮೊಸರನ್ನ ಬಿಸಿಲಿಗೆ ಹುಳಿಯಾಗಿ, ಬೋಗಿಯ ತುಂಬ ಅದರ ವಾಸನೆ ಹರಡಿತು. ಅವರು ಸಂಕೋಚದಿಂದ ನನ್ನ ಕಡೆ ನೋಡಿ ಮುಚ್ಚಳವನ್ನು ಅರ್ಧ ಮುಚ್ಚಿಕೊಂಡೇ ಉಣ್ಣತೊಡಗಿದರು. ನನಗೇನೂ ತೊಂದರೆಯಾಗಲಿಲ್ಲ. ರೈಲು ಕೃಷ್ಣಾ ಸೇತುವೆಯ ಮೇಲೆ ನಿಧಾನಕ್ಕೆ ಸಾಗುತ್ತಿತ್ತು. ಇಂದ್ರಕೀಲಾದ್ರಿ ಬೆಟ್ಟ ಬಿಸಿಲ ಝಳದಲ್ಲಿ ಬೂದಿಬಣ್ಣವಾಗಿ ಕಾಣುತ್ತಿತ್ತು. ಕೆಲವು ವರ್ಷಗಳ ಹಿಂದೆ ಇದೇ ಊರಿನ ಪಟಮಟದ ಒಂದು ಅಡುಗೆಮನೆಯಲ್ಲಿ, ಇಂಥದೇ ಹುಳಿವಾಸನೆಯ ನಡುವೆ ಕುಳಿತು ನಾನು ಹೊಟ್ಟೆ ತುಂಬ ಕನ್ನಡ ಮಾತಾಡಿದ್ದೆ. ಆಮೇಲೆ ಆ ಮಾತನ್ನು ಕಳೆದುಕೊಂಡವಳೂ ನಾನೇ.

ಆ ವರ್ಷ ಮಾರ್ಚ್ ಕೊನೆಗೆ ನಮ್ಮವರು ಹಡಗು ಹತ್ತಿದರು. ಅವರು ನೌಕಾಪಡೆಯಲ್ಲಿ ಎಂಜಿನ್ ವಿಭಾಗದವರು. ಎಷ್ಟು ತಿಂಗಳು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮದುವೆಯಾಗಿ ಎರಡು ವರ್ಷವಾಗಿತ್ತು. ಕ್ವಾರ್ಟರ್ಸಿನ ಸರದಿ ಇನ್ನೂ ಬಂದಿರಲಿಲ್ಲವಾಗಿ ವಿಶಾಖಪಟ್ಟಣದ ಅಂಚಿನ ದುವ್ವಾಡ ಸ್ಟೇಷನ್ನಿನ ಹತ್ತಿರ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗಿನ ಮನೆಯವರು ಒಳ್ಳೆಯ ಜನ. ನನ್ನ ತೆಲುಗು ಮಾತ್ರ ಆಗ ತರಕಾರಿ, ಆಟೋ, ನೀರಿನ ಕ್ಯಾನು ಇಷ್ಟಕ್ಕೇ ಮುಗಿಯುತ್ತಿತ್ತು. ಬ್ಯಾಡಗಿಯಲ್ಲಿದ್ದ ಅವ್ವನಿಗೆ ದಿನಕ್ಕೊಂದು ಫೋನ್ ಮಾಡುತ್ತಿದ್ದೆ. ಅದು ಬಿಟ್ಟರೆ ಇಡೀ ದಿನ ನನ್ನ ಬಾಯಿಂದ ಒಂದು ಕನ್ನಡ ಪದ ಹೊರಡುತ್ತಿರಲಿಲ್ಲ. ಒಮ್ಮೆ ಒಲೆಯ ಮೇಲೆ ಹಾಲು ಉಕ್ಕಿದಾಗ "ಅಯ್ಯ, ಹೋತು" ಎಂದೆ. ಖಾಲಿ ಮನೆಯಲ್ಲಿ ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. ಆ ವಾರವೇ ಕೆಲಸ ಹುಡುಕಲು ಶುರುಮಾಡಿದೆ.

ಮೈಕ್ರೊಬಯಾಲಜಿ ಓದಿದ್ದು ಉಪಯೋಗಕ್ಕೆ ಬಂತು. ವಿಶಾಖಪಟ್ಟಣದ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅಧ್ಯಯನವೊಂದು ನಡೆಯುತ್ತಿತ್ತು. ಅದಕ್ಕೆ ರೋಗಿಗಳ ಜೊತೆ ಮಾತಾಡಿ, ಫಾರಂ ತುಂಬಿಸಿ, ಸ್ಯಾಂಪಲ್ ಸಂಗ್ರಹಿಸುವವರು ಬೇಕಾಗಿತ್ತು. ಸ್ಯಾಂಪಲ್ ಎಂದರೆ ಮಲ. ಇಮ್ಯುನೊಥೆರಪಿ ಎಂಬ ಹೊಸ ಚಿಕಿತ್ಸೆ ಕೆಲವರಿಗೆ ಅದ್ಭುತವಾಗಿ ಹಿಡಿಯುತ್ತದೆ, ಕೆಲವರಿಗೆ ಏನೂ ಮಾಡುವುದಿಲ್ಲ. ಯಾಕೆ ಹೀಗೆ ಎಂಬ ಪ್ರಶ್ನೆಗೆ ಸಿಕ್ಕ ಸುಳಿವುಗಳಲ್ಲಿ ಒಂದು ನಮ್ಮ ಕರುಳಿನಲ್ಲಿತ್ತು. ಈ ಔಷಧಿ ತಾನೇ ಕ್ಯಾನ್ಸರನ್ನು ಕೊಲ್ಲುವುದಿಲ್ಲ. ಮೈಯ ರಕ್ಷಣೆಗಿರುವ ಜೀವಕೋಶಗಳನ್ನು ಕ್ಯಾನ್ಸರ್ ಕಟ್ಟಿಹಾಕಿರುತ್ತದೆ, ಔಷಧಿ ಆ ಕಟ್ಟು ಬಿಚ್ಚುತ್ತದೆ. ಬಿಚ್ಚಿದ ಮೇಲೆ ಅವು ಎಷ್ಟು ಚುರುಕಾಗಿ ಕಾದಾಡುತ್ತವೆ ಎಂಬುದು ಕರುಳಿನಲ್ಲಿ ವಾಸಿಸುವ ಕೋಟ್ಯಂತರ ಬ್ಯಾಕ್ಟೀರಿಯಾಗಳ ಮೇಲೂ ನಿಂತಿದೆ ಎಂದು ತೋರುತ್ತಿತ್ತು. ಚಿಕಿತ್ಸೆಗೆ ಸ್ವಲ್ಪ ಮೊದಲು ಆಂಟಿಬಯೋಟಿಕ್ ನುಂಗಿ ಆ ಬ್ಯಾಕ್ಟೀರಿಯಾಗಳನ್ನು ಕಳೆದುಕೊಂಡವರಿಗೆ ಔಷಧಿ ಅಷ್ಟಾಗಿ ಹಿಡಿಯುತ್ತಿರಲಿಲ್ಲ ಎಂಬ ಅನುಮಾನವಿತ್ತು. ಆಗ ಅದು ಅನುಮಾನವೇ, ತೀರ್ಮಾನವಲ್ಲ. ಅದಕ್ಕೇ ಅಧ್ಯಯನ.

ಜನರನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಸಾವಿನ ವಿಷಯವನ್ನು ನನ್ನ ಮುಖ ನೋಡಿ ಮಾತಾಡುವವರು ಕೂಡ ಆ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕಂಡರೆ ಗೋಡೆಯ ಕಡೆ ತಿರುಗುತ್ತಿದ್ದರು. ನಿವೃತ್ತ ಹೆಡ್‌ಮಾಸ್ಟರೊಬ್ಬರು ಡಬ್ಬಿಯನ್ನು ಮೂರು ಪದರ ನ್ಯೂಸ್‌ಪೇಪರಿನಲ್ಲಿ ಸುತ್ತಿ, ಮೇಲೆ ದಾರ ಕಟ್ಟಿ, ಪ್ರಸಾದದ ಹಾಗೆ ಎರಡು ಕೈಯಲ್ಲಿ ಕೊಟ್ಟು ಹೋದರು. ಸಂಗ್ರಹವಾದದ್ದನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಪ್ಯಾಕುಗಳ ನಡುವೆ ಇಟ್ಟು ವಿಜಯವಾಡದ ಪ್ರಯೋಗಾಲಯಕ್ಕೆ ಮುಟ್ಟಿಸುವುದೂ ನನ್ನ ಕೆಲಸವೇ. ದುವ್ವಾಡದಲ್ಲಿ ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನಕ್ಕೆ ವಿಜಯವಾಡ. ಪೆಟ್ಟಿಗೆಯಲ್ಲೇನು ಎಂದು ಯಾರಾದರೂ ಕೇಳಿದರೆ "ಮಂದುಲು" ಎನ್ನುತ್ತಿದ್ದೆ, ಔಷಧಿ ಎಂದು. ಆಮೇಲೆ ಕಿಟಕಿಗೆ ತಲೆ ಕೊಟ್ಟು ಸುಮ್ಮನೆ ಕೂರುವುದು. ತುನಿ, ಸಾಮರ್ಲಕೋಟ, ಗೋದಾವರಿಯ ಉದ್ದ ಸೇತುವೆ. ಅಷ್ಟು ದೂರವೂ ನನ್ನ ಜೊತೆಗಾರ ಆ ಪೆಟ್ಟಿಗೆಯೊಂದೇ.

ಕಮಲಾಕ್ಷಮ್ಮನವರನ್ನು ಕಂಡದ್ದು ಏಪ್ರಿಲ್ ಮಧ್ಯದಲ್ಲಿ. ಡ್ರಿಪ್ ಹಾಕುವ ವಾರ್ಡಿನ ಹೊರಗೆ ನಿಂತು ಅವ್ವನ ಜೊತೆ ಫೋನಿನಲ್ಲಿದ್ದೆ. "ಬಿಸಲು ಭಾಳ ಐತಿಬೇ, ನೀ ಹೊರಗ ಅಡ್ಡಾಡಬ್ಯಾಡ" ಎಂದು ಹೇಳಿ ಫೋನಿಟ್ಟೆ. ಬೆಂಚಿನ ಮೇಲಿದ್ದ ಹೆಂಗಸು ನನ್ನನ್ನೇ ನೋಡುತ್ತಿದ್ದರು. ಅರವತ್ತು ದಾಟಿದ ವಯಸ್ಸು, ಒಣಗಿದ ಮೈ, ಇಸ್ತ್ರಿ ಮಾಡಿದ ಹತ್ತಿ ಸೀರೆ.

"ಯಾವೂರಮ್ಮ ನಿಂದು?" ಎಂದರು.

ಫೋನನ್ನು ಚೀಲಕ್ಕೆ ಹಾಕಿ ಅವರ ಕಡೆ ತಿರುಗಿದೆ. "ಬ್ಯಾಡಗಿ ರೀ."

"ಮೆಣಸಿನಕಾಯಿ ಬ್ಯಾಡಗಿನಾ? ನಂದು ತಿಪಟೂರು ಕಡೆ. ಇಲ್ಲಿಗೆ ಕೊಟ್ಟು ನಲವತ್ತು ವರ್ಷ ಆಯ್ತು. ಕೂತ್ಕೊ ಬಾ, ಇನ್ನೊಂದಷ್ಟು ಮಾತಾಡು. ನಿಮ್ಮ ಕನ್ನಡ ಬೇರೆ ಥರ ಇದ್ರೂ ಕಿವಿಗೆ ಹಿತ."

ಮೂತ್ರಪಿಂಡದ ಕ್ಯಾನ್ಸರಿಗೆ ಹಿಂದೆ ಇದೇ ಆಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ಈಗ ಅದು ಶ್ವಾಸಕೋಶದಲ್ಲಿ ಮತ್ತೆ ಕಾಣಿಸಿಕೊಂಡಿತ್ತು. ಗಂಡ ತೀರಿಹೋಗಿ, ವಿಜಯವಾಡದ ಪಟಮಟದಲ್ಲಿ ಮಗಳು ಸ್ವಾತಿಯ ಜೊತೆಗಿದ್ದರು. ಸ್ವಾತಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಮೂರು ವಾರಕ್ಕೊಮ್ಮೆ ತಾಯಿಯನ್ನು ರೈಲಿನಲ್ಲಿ ಕರೆತಂದು ಡ್ರಿಪ್ ಮುಗಿಸಿ ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ಮರುದಿನವೇ ಇಮ್ಯುನೊಥೆರಪಿಯ ಮೊದಲ ಡ್ರಿಪ್.

ಅಧ್ಯಯನದ ವಿಷಯ ತೆಗೆದೆ. ಉಳಿದವರಿಗೆ ಅರ್ಧ ಗಂಟೆ ಹೇಳಬೇಕಾದದ್ದು ಅವರಿಗೆ ಐದು ನಿಮಿಷದಲ್ಲಿ ತಿಳಿಯಿತು. ಇಪ್ಪತ್ತೆಂಟು ವರ್ಷ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡಿದವರು ಅವರು.

"ಹಸುಗೆ ಕೆಚ್ಚಲು ಬಾವು ಬಂದ್ರೆ ಇಂಜೆಕ್ಷನ್ ಕೊಡ್ತಾರೆ," ಎಂದರು. "ಆಮೇಲೆ ಕೆಲವು ದಿನ ಆ ಹಾಲು ಡೈರಿಗೆ ಹಾಕಬಾರದು. ಹಾಕಿದ್ರೆ ಹೆಪ್ಪು ಕೂರಲ್ಲ. ನೋಡೋಕೆ ಒಳ್ಳೆ ಹಾಲೇ. ಬಣ್ಣ, ಜಿಡ್ಡು ಎಲ್ಲ ಸರಿ, ಲ್ಯಾಕ್ಟೋಮೀಟರಿಗೂ ಸಿಗಲ್ಲ. ಹೆಪ್ಪು ಹಾಕಿ ಬೆಳಗಾದ ಮೇಲೇ ಗೊತ್ತಾಗೋದು. ಹೊಟ್ಟೆಯಲ್ಲೂ ಹಂಗೇ ಅಂತೀಯಾ?"

"ಹಂಗ ಇರಬಹುದು ಅಂತಾರ್ರಿ. ಅದನ್ನ ನೋಡಾಕನ ಇದೆಲ್ಲಾ." ಫಾರಮಿನ ಮುಂದಿನ ಸಾಲು ಓದಿದೆ. "ಹೋದ ಒಂದು ತಿಂಗಳೊಳಗ ಯಾವುದಾರ ಆಂಟಿಬಯೋಟಿಕ್ ತಗೊಂಡೀರೇನ್ರಿ?"

"ಇಲ್ಲ."

ಅವರ ಕೈ ಸೀರೆಯ ಸೆರಗನ್ನು ನೇವರಿಸುತ್ತಿತ್ತು. ಇಲ್ಲ ಎಂದು ಗುರುತು ಹಾಕಿದೆ.

ಮುಂದಿನ ಆರು ವಾರ ನನ್ನ ಪಾಲಿಗೆ ಆ ವರ್ಷದ ಒಳ್ಳೆಯ ಕಾಲ. ಪ್ರತಿ ಡ್ರಿಪ್ಪಿನ ನಂತರ ಅವರ ಸ್ಯಾಂಪಲನ್ನು ಪಟಮಟದ ಮನೆಯಿಂದಲೇ ತೆಗೆದುಕೊಂಡು ಪ್ರಯೋಗಾಲಯಕ್ಕೆ ಕೊಡಬೇಕಿತ್ತು. ವಾಪಸ್ ರೈಲಿಗೆ ಸಮಯವಿದ್ದಾಗ ಮತ್ತೆ ಅವರ ಮನೆಗೇ ಹೋಗುತ್ತಿದ್ದೆ. ಮೇ ತಿಂಗಳ ವಿಜಯವಾಡ. ಸಿಟಿ ಬಸ್ಸಿನ ಕಂಬಿ ಮುಟ್ಟಿದರೆ ಕೈ ಸುಡುತ್ತಿತ್ತು. ಅವರು ಅಡುಗೆಮನೆಯ ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ಹಾಕಿ, ಕಂಚಿನ ಲೋಟದಲ್ಲಿ ಮಜ್ಜಿಗೆ ಕೊಡುತ್ತಿದ್ದರು. ಹೆಪ್ಪಿನ ವಿಷಯದಲ್ಲಿ ಬಲು ಕಟ್ಟುನಿಟ್ಟು. ಯಾವ ಬಿಸಿಗೆ ಎಷ್ಟು ಹನಿ ಎಂದು ಬೆರಳು ಅದ್ದಿಯೇ ಹೇಳುತ್ತಿದ್ದರು. ಮೊಸರು ಹೆಚ್ಚು ತಿಂದರೆ ಔಷಧಿ ಹಿಡಿಯುತ್ತದೆಯೇ ಎಂದು ಒಮ್ಮೆ ಕೇಳಿದರು. ಅಷ್ಟು ಸುಲಭವಿಲ್ಲವಂತೆ, ಕಾಳು, ಸೊಪ್ಪು, ನಾರಿರುವ ಊಟ ಒಳ್ಳೆಯದು ಎನ್ನುತ್ತಾರೆ, ಅಂಗಡಿಯ ಬ್ಯಾಕ್ಟೀರಿಯಾ ಮಾತ್ರೆಗಳನ್ನು ಮಾತ್ರ ತಾವೇ ತಂದು ನುಂಗಬಾರದು ಎಂದು ಚಿಕಿತ್ಸೆಯನ್ನೂ ಅಧ್ಯಯನವನ್ನೂ ನೋಡಿಕೊಳ್ಳುತ್ತಿದ್ದ ಡಾಕ್ಟರ್ ಮೇಡಂ ಹೇಳಿದ್ದನ್ನೇ ಹೇಳಿದೆ. ಮರುವಾರ ಹೋದಾಗ ಹುರುಳಿಕಾಳಿನ ಸಾರು, ರಾಗಿಮುದ್ದೆ ಕಾದಿತ್ತು. ಆ ರಾಗಿಯನ್ನು ಎಲ್ಲಿಂದ ತರಿಸಿದರೋ ನಾನು ಕೇಳಲಿಲ್ಲ. ಮುದ್ದೆ ಕಂಡು ಸ್ವಾತಿ ಮುಖ ಸಿಂಡರಿಸಿದಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಮಾತಾಡುತ್ತಿರಲಿಲ್ಲ. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ಮಗಳು ತೆಲುಗಿನಲ್ಲಿ ಉತ್ತರ ಕೊಡುವುದು ಆ ಮನೆಯ ರೂಢಿ.

"ಚಿಕ್ಕೋಳಿದ್ದಾಗ ಮಾತಾಡ್ತಿದ್ಲು," ಎಂದರು ಕಮಲಾಕ್ಷಮ್ಮ. "ಸ್ಕೂಲಿಗೆ ಸೇರಿಸಿದ ಮೇಲೆ ಬಿಟ್ಳು. ಅವರಪ್ಪನೂ ತೆಲುಗೋರು, ನಾನೂ ಜೋರು ಮಾಡಲಿಲ್ಲ. ನಂದು ನನ್ನ ಹೊಟ್ಟೆಯೊಳಗೇ ಉಳೀತು."

ಎರಡನೆಯ ಡ್ರಿಪ್ ಆಗಿ ಒಂದು ವಾರ ಕಳೆದಿತ್ತು. ಸ್ವಾತಿ ಹೊರಗೆ ಹೋಗಿದ್ದಳು. ಕಮಲಾಕ್ಷಮ್ಮ ಎಡಗೆನ್ನೆಯ ಕಡೆ ಅಗಿಯದೆ ಊಟ ಮಾಡುತ್ತಿರುವುದನ್ನು ಕಂಡು "ಹಲ್ಲು ನೋಯ್ತದೇನ್ರಿ?" ಎಂದೆ.

"ಈಗೇನಿಲ್ಲ. ಆವಾಗ ಊದ್ಕೊಂಡಿತ್ತು." ತಟ್ಟೆ ಸರಿಸಿದರು. "ನಿನಗೆ ಒಂದು ಹೇಳ್ತೀನಿ, ಯಾರ ಹತ್ರಾನೂ ಅನ್ನಬೇಡ. ಮೊದಲನೇ ಡ್ರಿಪ್ಪಿಗೆ ಹತ್ತು ದಿನ ಮುಂಚೆ ಈ ಹಲ್ಲು ಕೀವಾಗಿ ಮುಖ ಇಷ್ಟು ದಪ್ಪ ಆಗಿತ್ತು. ಸ್ವಾತಿಗೂ ಹೇಳಲಿಲ್ಲ, ಸೆರಗು ಮುಚ್ಕೊಂಡು ತಲೆನೋವು ಅಂದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಐದು ದಿನ ಮಾತ್ರೆ ನುಂಗಿದೆ. ಆಂಟಿಬಯೋಟಿಕ್ಕೇ. ಹೆಸರು ನೋಡಿದ್ದೀನಿ, ನಂಗೆ ಗೊತ್ತಾಗಲ್ವಾ."

"ಮತ್ತ ಅವತ್ತು ನಾ ಕೇಳಿದಾಗ ಇಲ್ಲ ಅಂದ್ರಲ್ರೀ?"

"ಹೂಂ ಅಂದಿದ್ರೆ ಡ್ರಿಪ್ ಮುಂದಕ್ಕೆ ಹಾಕ್ತಿದ್ರು. ಎರಡು ತಿಂಗಳು ಬಿಟ್ಟು ಬನ್ನಿ ಅಂತಿದ್ರು. ನಂಗೆ ಎಲ್ಲಿ ಎರಡು ತಿಂಗಳು?" ನನ್ನ ಮುಂಗೈ ಹಿಡಿದರು. "ನೀನು ನಮ್ಮೋಳು ಅಂತ ಹೇಳ್ದೆ. ನಮ್ಮಿಬ್ಬರಲ್ಲೇ ಇರಲಿ."

ನಾನು ತಲೆಯಾಡಿಸಿದೆ. ಹೂಂ ಎಂದು ಬಾಯಿಬಿಟ್ಟು ಹೇಳಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡಿದ್ದೇನೆ. ಆದರೆ ತಲೆಯಾಡಿಸಿದ್ದು ನಿಜ.

ಆ ಸಂಜೆ ರೈಲಿನಲ್ಲಿ ಕುಳಿತಾಗ ಪೆಟ್ಟಿಗೆ ಖಾಲಿಯಿತ್ತು. ಅವರ ಮೊದಲ ಸ್ಯಾಂಪಲ್ ವಿಜಯವಾಡದ ಫ್ರೀಜರಿನಲ್ಲಿ ನನ್ನದೇ ಕೈಬರಹದ ಚೀಟಿಯ ಕೆಳಗೆ, ಆಂಟಿಬಯೋಟಿಕ್ ತೆಗೆದುಕೊಳ್ಳದವರ ಸಾಲಿನಲ್ಲಿತ್ತು. ಕರುಳಿನ ಬ್ಯಾಕ್ಟೀರಿಯಾ ಸತ್ತುಹೋದವರನ್ನು ಸರಿಯಿದ್ದವರ ಗುಂಪಿಗೆ ಸೇರಿಸಿದರೆ ಮುಂದೆ ಯಾರೋ ಅದನ್ನು ನಂಬಿ ಇನ್ಯಾರಿಗೋ ತಪ್ಪು ಹೇಳುತ್ತಾರೆ. ಇಷ್ಟು ತಿಳಿಯಲು ಹೆಚ್ಚು ಓದಬೇಕಿಲ್ಲ. ಇನ್ನೊಂದು ಕಡೆ, ತಿದ್ದಿ ಬರೆದರೆ ನನಗೆ ಉಳಿದಿದ್ದ ಒಂದೇ ಕನ್ನಡದ ಮನೆ ಮುಚ್ಚುತ್ತದೆ. ನಿಜ ಹೇಳುವುದಾದರೆ ನನ್ನನ್ನು ತಡೆದದ್ದು ಅವರ ಆರೋಗ್ಯದ ಚಿಂತೆಯಲ್ಲ, ಈ ಎರಡನೆಯದು. ಎರಡು ವಾರ ಸುಮ್ಮನಿದ್ದೆ. ನಮ್ಮವರ ಫೋನ್ ಒಮ್ಮೆ ಬಂತು, ಎರಡು ನಿಮಿಷ. ಊಟ ಆಯ್ತೇನು, ಮಳೆ ಬಂತೇನು ಎನ್ನುವುದರೊಳಗೆ ಲೈನ್ ಕಟ್ಟಾಯಿತು. ಕಮಲಾಕ್ಷಮ್ಮನವರ ವಿಷಯ ಬರಲೇ ಇಲ್ಲ.

ಮೂರನೆಯ ಡ್ರಿಪ್ಪಿನ ಹಿಂದಿನ ದಿನ ಡಾಕ್ಟರ್ ಮೇಡಂ ಅವರ ಕೋಣೆಗೆ ಹೋಗಿ ಹೇಳಿಬಿಟ್ಟೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

"ಎಷ್ಟು ದಿನದಿಂದ ಗೊತ್ತು ನಿನಗೆ?"

"ಎರಡು ವಾರ, ಮೇಡಂ."

ಅದಕ್ಕೆ ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಕೀವು ಪೂರ್ತಿ ಹೋಗಿದೆಯಾ ನೋಡಬೇಕು, ಡೆಂಟಿಸ್ಟ್ ಹತ್ತಿರ ಕಳಿಸೋಣ," ಎಂದರು. "ಅವರು ಮೊದಲೇ ಹೇಳಿದ್ದರೂ ನಾನು ಎರಡು ತಿಂಗಳು ಮುಂದೆ ಹಾಕುತ್ತಿರಲಿಲ್ಲ. ಹಲ್ಲು ಸರಿಮಾಡಿಸಿ ಶುರುಮಾಡುತ್ತಿದ್ದೆ. ಸುಮ್ಮನೆ ಹೆದರಿದ್ದಾರೆ."

ಮರುದಿನ ಅವರು ಕಮಲಾಕ್ಷಮ್ಮನವರ ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿ, ಮಾತ್ರೆಯ ವಿಷಯ ಮೆತ್ತಗೆ ಕೇಳಿದರು. ಸ್ವಾತಿ ಪಕ್ಕದಲ್ಲೇ ಇದ್ದಳು. ಅವಳಿಗೆ ಇದು ಹೊಸ ಸುದ್ದಿ. ತಾಯಿಯ ಮೇಲೆ ತೆಲುಗಿನಲ್ಲಿ ಹರಿಹಾಯ್ದಳು: ಅಷ್ಟು ದೂರದಿಂದ ರಜೆ ಹಾಕಿ ಕರೆದುಕೊಂಡು ಬರುವ ನನಗೆ ಹೇಳಲಿಲ್ಲ, ಯಾರೋ ಹೊರಗಿನವರಿಗೆ ಹೇಳಿದೆಯಲ್ಲ, ಎಂದು. ಕಮಲಾಕ್ಷಮ್ಮ ಮಗಳ ಕಡೆ ನೋಡಲಿಲ್ಲ. ಬಾಗಿಲ ಬಳಿ ಫೈಲ್ ಹಿಡಿದು ನಿಂತಿದ್ದ ನನ್ನನ್ನು ನೋಡಿದರು. ಸಿಟ್ಟಿನ ನೋಟವಾಗಿರಲಿಲ್ಲ ಅದು. ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತರನ್ನು ನೋಡುವ ಹಾಗಿತ್ತು.

ಡ್ರಿಪ್ ಹಾಕಿದ ಮೇಲೆ ಹತ್ತಿರ ಹೋದೆ. "ಅಮ್ಮಾ, ನಾ ಹೇಳಲಾರದ ಇರಾಕ ಆಗಲಿಲ್ರಿ," ಎಂದೆ.

"ಪರ್ವಾಲೇದಂಡಿ," ಎಂದರು, ಪರವಾಗಿಲ್ಲ ಎಂದು. "ಇಂಕೇಮೈನಾ ಕಾವಾಲಾ ಅಂಡಿ?"

ಇನ್ನೇನಾದರೂ ಬೇಕೇ ಎಂದು ಕೇಳಿದ್ದು ಅದು. ಅಂಗಡಿಯವರು ಗಿರಾಕಿಗೆ ಕೇಳುವಷ್ಟು ಮರ್ಯಾದೆಯಿಂದ ಕೇಳಿದರು. ನನಗೆ ನೀನು, ಬಾರಮ್ಮ, ಕೂತ್ಕೊ ಎನ್ನುತ್ತಿದ್ದವರ ಬಾಯಲ್ಲಿ ನಮ್ಮ 'ರೀ'ಯಂಥ ಆ 'ಅಂಡಿ' ಕೇಳಿ ನಾನು ಫೈಲಿನಲ್ಲಿ ತಲೆ ಹುದುಗಿಸಿದೆ.

ಜೂನಿನಲ್ಲಿ ಮಳೆ ಶುರುವಾಯಿತು. ನಾಲ್ಕನೆಯ ಡ್ರಿಪ್ಪಿಗೆ ಬಂದಾಗಲೂ ತೆಲುಗೇ. ಸ್ಯಾಂಪಲನ್ನು ಸ್ವಾತಿ ಬಾಗಿಲಲ್ಲೇ ಕೊಟ್ಟು ಕಳಿಸಿದಳು. ಒಳಗೆ ಫ್ಯಾನ್ ತಿರುಗುವ ಸದ್ದು, ಪಾತ್ರೆಯ ಸದ್ದು ಕೇಳುತ್ತಿತ್ತು. ಅಲ್ಲಿಂದ ಪ್ರಯೋಗಾಲಯಕ್ಕೆ ಹೋಗಿ, ಅಲ್ಲಿಯ ಮುಖ್ಯಸ್ಥರ ಎದುರು ಹಳೆಯ ಚೀಟಿ ಕಿತ್ತು ಹೊಸ ಚೀಟಿ ಅಂಟಿಸಿದೆ. ವಾಪಸ್ ರೈಲಿಗೆ ಮೂರು ಗಂಟೆಯಿತ್ತು. ಹಿಂದಿನ ತಿಂಗಳು ಆ ಮೂರು ಗಂಟೆ ಸಾಲುತ್ತಿರಲಿಲ್ಲ; ಈಗ ಸ್ಟೇಷನ್ನಿನ ಮೂರನೆಯ ಪ್ಲಾಟ್‌ಫಾರಂನಲ್ಲಿ ಕುಳಿತು ಬರುವ ಹೋಗುವ ರೈಲುಗಳ ಘೋಷಣೆ ಕೇಳಿದೆ. ಅದರಲ್ಲಿ ಹುಬ್ಬಳ್ಳಿಯ ಹೆಸರು ಬಂದಾಗ ಎದ್ದು ನಿಂತೆ. ಆ ರೈಲು ಹತ್ತಬಹುದಿತ್ತು, ಅವ್ವನ ಮಡಿಲಲ್ಲಿ ಮಲಗಬಹುದಿತ್ತು. ಹತ್ತಲಿಲ್ಲ. ಖಾಲಿ ಪೆಟ್ಟಿಗೆ ಹಿಡಿದು ದುವ್ವಾಡಕ್ಕೆ ವಾಪಸಾದೆ. ಮನೆಯಲ್ಲಿ ಒಗೆದ ಬಟ್ಟೆ ಒಣಗದೆ ಮುಗ್ಗಲು ವಾಸನೆ ಹಿಡಿದಿತ್ತು. ಆ ವಾರದಲ್ಲಿ ಅವ್ವನ ಫೋನಿಗೂ ಹೂಂ, ಉಹೂಂ ಬಿಟ್ಟರೆ ನನ್ನಿಂದ ಮಾತು ಹೊರಡಲಿಲ್ಲ.

ಜುಲೈ ಮೊದಲಲ್ಲಿ ಸ್ಕ್ಯಾನ್. ಶ್ವಾಸಕೋಶದ ಗಡ್ಡೆಗಳು ಕುಗ್ಗಿರಲಿಲ್ಲ, ಬೆಳೆದಿದ್ದವು. ಹೊಸದೊಂದು ಸೇರಿತ್ತು. ಡಾಕ್ಟರ್ ಮೇಡಂ ಔಷಧಿ ಬದಲಿಸಿದರು: ಡ್ರಿಪ್ ಸಾಕು, ಇನ್ನು ದಿನವೂ ನುಂಗುವ ಬೇರೆ ಜಾತಿಯ ಕ್ಯಾನ್ಸರ್ ಮಾತ್ರೆ. ಕಮಲಾಕ್ಷಮ್ಮ ಎಲ್ಲಕ್ಕೂ ತಲೆದೂಗಿದರು.

ಸ್ವಾತಿ ಮಾತ್ರ ಕಾರಿಡಾರಿನಲ್ಲಿ ಡಾಕ್ಟರನ್ನು ನಿಲ್ಲಿಸಿದಳು. "ಆ ಹಲ್ಲಿನ ಮಾತ್ರೆಯಿಂದಲೇ ಹೀಗಾಯಿತಾ?" ಎಂದು ಕೇಳಿದಳು. ನಾನು ಎರಡು ಹೆಜ್ಜೆ ಹಿಂದೆ ಇದ್ದೆ.

"ಒಬ್ಬರ ವಿಷಯದಲ್ಲಿ ಯಾರೂ ಹಾಗೆ ಹೇಳಲಾರರು," ಎಂದರು ಡಾಕ್ಟರ್. "ಆಂಟಿಬಯೋಟಿಕ್ ತಗೊಂಡು ಚೆನ್ನಾಗಿರೋರೂ ಇದ್ದಾರೆ. ತಗೊಳ್ಳದೇ ಔಷಧಿ ಹಿಡಿಯದವರೂ ಇದ್ದಾರೆ. ನೂರಾರು ಜನರನ್ನು ಒಟ್ಟಿಗೆ ನೋಡಿದಾಗ ಒಂದು ದಾರಿ ಕಾಣುತ್ತೆ. ನಿಮ್ಮ ಅಮ್ಮನೊಬ್ಬರನ್ನೇ ನೋಡಿ ಹೇಳೋಕೆ ನನ್ನ ಹತ್ತಿರ ಉತ್ತರ ಇಲ್ಲ."

"ಅದರಿಂದ ಅಲ್ಲ ಅಂದಿದ್ದರೆ ಸಾಕಿತ್ತು," ಎಂದಳು ಸ್ವಾತಿ.

"ಅಲ್ಲ ಅಂತ ಹೇಳೋಕೂ ಆಗಲ್ಲಮ್ಮ."

ಡ್ರಿಪ್ ನಿಂತದ್ದರಿಂದ ಕಮಲಾಕ್ಷಮ್ಮ ಅಧ್ಯಯನದಿಂದ ಹೊರಗಾದರು. ನನಗೆ ಇನ್ನು ಪಟಮಟಕ್ಕೆ ಹೋಗುವ ಕಾರಣವಿರಲಿಲ್ಲ. ಆಗಸ್ಟ್, ಸೆಪ್ಟೆಂಬರ್ ಕಳೆದವು. ಕೆಲಸ ಚೆನ್ನಾಗಿ ಕಲಿತೆ. ನನ್ನ ತೆಲುಗೂ ಸುಧಾರಿಸಿತು, ರೋಗಿಗಳು ನಗುವಷ್ಟು. ಹೊಸಬರನ್ನು ಆಂಟಿಬಯೋಟಿಕ್ ಬಗ್ಗೆ ಕೇಳುವಾಗ ಈಗ ಒಂದು ಮಾತು ಮೊದಲೇ ಹೇಳುತ್ತಿದ್ದೆ: "ತಗೊಂಡಿದ್ದರೂ ನಿಮ್ಮ ಚಿಕಿತ್ಸೆ ಯಾರೂ ನಿಲ್ಲಿಸುವುದಿಲ್ಲ, ಹೆದರದೆ ಹೇಳಿ." ಈ ಒಂದು ವಾಕ್ಯವನ್ನು ಏಪ್ರಿಲಿನಲ್ಲೇ ಹೇಳಿದ್ದರೆ ಎಂದು ಪ್ರತಿಸಲವೂ ಅನಿಸುತ್ತಿತ್ತು. ಹಾಗೆ ಕೇಳಿದಾಗ ಇಬ್ಬರು ಮೂವರು ತಾವಾಗಿ ಒಪ್ಪಿಕೊಂಡರು.

ದಸರೆಯ ಸಮಯಕ್ಕೆ ಸ್ಯಾಂಪಲ್ ತೆಗೆದುಕೊಂಡು ಮತ್ತೆ ವಿಜಯವಾಡಕ್ಕೆ ಹೋದೆ. ಕನಕದುರ್ಗೆಯ ದರ್ಶನಕ್ಕೆ ಬಂದ ಜನ ಊರು ತುಂಬಿದ್ದರು. ಕೆಂಪು ಬಟ್ಟೆಯ ಭವಾನಿ ಭಕ್ತರು ಸ್ಟೇಷನ್ನಿನ ನೆಲದಲ್ಲೆಲ್ಲ ಕುಳಿತಿದ್ದರು. ಪ್ರಯೋಗಾಲಯದ ಕೆಲಸ ಮುಗಿಸಿ ಹೊರಬಂದು, ಪಟಮಟದ ಬಸ್ಸು ಕಂಡಾಗ ಹತ್ತಿಬಿಟ್ಟೆ. ಬಾಗಿಲು ತೆರೆದ ಸ್ವಾತಿ ನನ್ನನ್ನು ಕೆಳಗಿಂದ ಮೇಲಕ್ಕೆ ನೋಡಿ ಪಕ್ಕಕ್ಕೆ ಸರಿದಳು.

ಕಮಲಾಕ್ಷಮ್ಮ ಮಂಚದ ಮೇಲೆ ದಿಂಬಿಗೊರಗಿ ಕುಳಿತಿದ್ದರು. ಹೊಸ ಮಾತ್ರೆಯಿಂದ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಅಂಗೈ ಸುಲಿದಿತ್ತು. ನಾನು ಹೊಸ್ತಿಲಲ್ಲೇ ನಿಂತೆ. ತೆಲುಗಿನಲ್ಲಿ ಮಾತಾಡಿಸುತ್ತಾರೆಂದು ತಯಾರಾಗಿ, ತೆಲುಗಿನಲ್ಲೇ ಒಂದು ವಾಕ್ಯ ಜೋಡಿಸಿಟ್ಟುಕೊಂಡಿದ್ದೆ.

"ಇಷ್ಟು ದಿನ ಬೇಕಾಯ್ತಾ ಬರೋಕೆ?" ಎಂದರು.

ಕುಳಿತೆ. ಆಮೇಲೆ ಅವರೇ ಶುರುಮಾಡಿದರು.

"ನಾನು ಡೈರಿ ಕೆಲಸಕ್ಕೆ ಸೇರಿ ಆರೇಳು ವರ್ಷ ಆಗಿತ್ತು. ಒಂದು ಹೆಂಗಸು, ಒಂದೇ ಹಸು ಅವಳಿಗೆ, ಇಂಜೆಕ್ಷನ್ ಕೊಟ್ಟ ಮಾರನೇ ದಿನವೇ ಹಾಲು ತಂದಳು. ನನಗೆ ಗೊತ್ತಿತ್ತು. ಅವಳು ಅತ್ಲು. ತಗೊಂಡೆ. ಅವತ್ತು ಹಾಲು ಕಮ್ಮಿ ಬಂದಿತ್ತು, ಅವಳ ಹಾಲಿನ ಔಷಧಿ ಎಲ್ಲಕ್ಕೂ ಹತ್ತಿಬಿಡ್ತು. ಬೆಳಿಗ್ಗೆ ನೋಡಿದ್ರೆ ಮೊಸರು ಕೂತೇ ಇಲ್ಲ. ಹೆಪ್ಪು ಹಾಕ್ತಿದ್ದ ಆಳು ಪಾತ್ರೆ ತೊಳ್ದಿಲ್ಲ ಅಂತ ಅವನ ಮೇಲೆ ಹಾಕಿ, ಅವನನ್ನ ದೂರದ ಸೆಂಟರಿಗೆ ಕಳಿಸಿದ್ರು. ನಾನು ಬಾಯಿ ಬಿಡಲಿಲ್ಲ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ."

"ಅಮ್ಮಾ..."

"ಇರು. ನೀನು ಹೋಗಿ ಹೇಳ್ದಾಗ ನಂಗೆ ಉರಿದುಹೋಯ್ತು. ನಮ್ಮ ಭಾಷೆಯೋಳು ಹಿಂಗೆ ಮಾಡಿದ್ಲಲ್ಲ ಅಂತ. ಆಮೇಲೆ ಮಲ್ಕೊಂಡು ಮಲ್ಕೊಂಡು ಯೋಚಿಸ್ದೆ. ನಾನು ಅವತ್ತು ಮಾಡದೇ ಇದ್ದ ಕೆಲಸ ಇವಳು ಮಾಡಿದ್ಲು. ಅಷ್ಟೇ." ಸುಲಿದ ಅಂಗೈಯನ್ನು ನೋಡಿಕೊಂಡರು. "ನಂದನ್ನ ಎಸೆದುಬಿಟ್ರಾ?"

ಯಾವುದನ್ನು ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಸ್ಯಾಂಪಲ್ ಎಂದು ಹೊಳೆದ ಮೇಲೆ ಹೇಳಿದೆ, "ಇಲ್ರಿ. ಆಂಟಿಬಯೋಟಿಕ್ ತಗೊಂಡವರದು ಅಂತ ಬ್ಯಾರೆ ಗುಂಪು ಮಾಡ್ಯಾರ. ನಿಮ್ಮದು ಅದರಾಗ ಐತಿ. ಅಂಥಾವು ಭಾಳ ಕಮ್ಮಿ ಅದಾವಂತ, ಅದಕ್ಕ ಅವು ಇನ್ನೂ ಬೇಕು ಅಂದ್ರು ಲ್ಯಾಬ್‌ನವರು."

"ಹಂಗಾದ್ರೆ ಉಪಯೋಗಕ್ಕೆ ಬಂತು."

"ಹೌದ್ರಿ."

"ಚೀಟಿ ಮೇಲೆ ಸರಿಯಾಗಿ ಬರೆದಿದ್ದೀಯಾ? ಐದು ದಿನ, ಹತ್ತು ದಿನ ಮುಂಚೆ ಅಂತ?"

"ಬರದೀನ್ರಿ."

ಅವರು ಮಗಳನ್ನು ಕರೆದು, ಅಡುಗೆಮನೆಯ ಮಡಕೆಯಿಂದ ಮಜ್ಜಿಗೆ ತರಲು ಹೇಳಿದರು. ಸ್ವಾತಿ ಲೋಟ ತಂದು ನನ್ನ ಕೈಗೇ ಕೊಟ್ಟು, ಪಕ್ಕದ ಕುರ್ಚಿಯಲ್ಲಿ ಕುಳಿತಳು. ನಾವು ಮಾತಾಡುವುದನ್ನು ಅವಳು ಆ ದಿನ ಕೊನೆಯವರೆಗೂ ಕೇಳಿಸಿಕೊಂಡಳು. ಡೈರಿಯ ಕಥೆಯೂ ಅಡುಗೆಮನೆಯಲ್ಲಿದ್ದ ಅವಳ ಕಿವಿಗೆ ಬಿದ್ದಿತ್ತು. ನಾನು ಹೊರಡುವಾಗ ಬಾಗಿಲವರೆಗೆ ಬಂದು ತೆಲುಗಿನಲ್ಲಿ ಕೇಳಿದಳು, "ಆ ಹೆಪ್ಪು ಹಾಕೋ ಆಳಿನ ವಿಷಯ ಅಮ್ಮ ನನಗೆ ಯಾಕೆ ಹೇಳಲಿಲ್ಲ?" ಗೊತ್ತಿಲ್ಲ ಎಂದೇ ಹೇಳಿದೆ.

ನವೆಂಬರಿನಲ್ಲಿ ನಮ್ಮವರು ಬಂದರು. ಬಂದ ದಿನ ನಾನು ಎಷ್ಟು ಮಾತಾಡಿದೆನೆಂದರೆ, ಕೊನೆಗೆ ಅವರು "ಉಸಿರು ತಗೊಳ್ಳೇ" ಎಂದರು. ಮರುವರ್ಷ ಕಾರವಾರಕ್ಕೆ ವರ್ಗವಾಯಿತು. ಆ ಅಧ್ಯಯನ ನಾನು ಬಿಟ್ಟ ಮೇಲೂ ನಡೆಯಿತು. ಆಂಟಿಬಯೋಟಿಕ್ ವಿಷಯ ಅನುಮಾನಿಸಿದ್ದ ದಿಕ್ಕಿನಲ್ಲೇ ಕಾಣುತ್ತಿದೆ, ಆದರೆ ಇನ್ನೂ ಕೆಲಸವಿದೆ ಎಂದು ಡಾಕ್ಟರ್ ಮೇಡಂ ಒಮ್ಮೆ ಬರೆದಿದ್ದರು.

ದಿನವೂ ನುಂಗುವ ಆ ಹೊಸ ಮಾತ್ರೆ ಕಮಲಾಕ್ಷಮ್ಮನವರಿಗೆ ಒಂದೂವರೆ ವರ್ಷ ಕೊಟ್ಟಿತು. ಭಾನುವಾರದ ಮಧ್ಯಾಹ್ನಗಳಲ್ಲಿ ಫೋನ್ ಮಾಡುತ್ತಿದ್ದರು. ಕಾಯಿಲೆಯ ಮಾತು ಕಮ್ಮಿ. ಕಾರವಾರದಲ್ಲಿ ಹಾಲು ಹೇಗಿದೆ, ಯಾರು ತರುತ್ತಾರೆ, ನೀರು ಬೆರೆಸುತ್ತಾರಾ ಎಂದೆಲ್ಲ ವಿಚಾರಿಸುತ್ತಿದ್ದರು. ಬರಬರುತ್ತ ದನಿ ಸಣ್ಣದಾಯಿತು. ಒಂದು ಭಾನುವಾರ ಫೋನ್ ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ನಾನಾಗಿ ಮಾಡಲು ಧೈರ್ಯ ಸಾಲಲಿಲ್ಲ.

ಗುರುವಾರ ಬೆಳಿಗ್ಗೆ ಅವರ ನಂಬರಿನಿಂದಲೇ ಕರೆ ಬಂತು. ಎತ್ತಿದೆ. ಸ್ವಾತಿಯ ದನಿ.

"ಅಕ್ಕಾ. ಅಮ್ಮ ಹೋಯ್ತು."

ಕನ್ನಡದಲ್ಲಿ ಹೇಳಿದ್ದಳು. ತೆಲುಗಿನಲ್ಲಿ ತಾಯಿ ಹೋದರೂ ಮಳೆ ಹೋದರೂ ಕ್ರಿಯಾಪದದ ರೂಪ ಒಂದೇ, ಹೋದಳು, ಹೋಯಿತು ಎಂಬ ಭೇದವಿಲ್ಲ. ಅದೇ ಲೆಕ್ಕದಲ್ಲಿ ಕನ್ನಡ ಜೋಡಿಸಿದ್ದಳು. ಎಷ್ಟು ವರ್ಷಗಳ ನಂತರ ಬಾಯಿಗೆ ತಂದುಕೊಂಡ ಮಾತೋ ಅದು.

"ಯಾವಾಗ?" ಎಂದೆ.

"ಸೋಮವಾರ. ಬೆಳಿಗ್ಗೆ. ನೋವು... ನೋವು ಇಲ್ಲ." ಮುಂದಿನ ಪದಕ್ಕೆ ಹುಡುಕಿದಳು. "ನಿಮಗೆ ಕನ್ನಡದಲ್ಲಿ ಹೇಳು ಅಂತ ಹೇಳಿತ್ತು. ನಾನು ಮೂರು ದಿನ ನೆನಪು ಮಾಡಿದೆ, ಹೇಗೆ ಹೇಳೋದು ಅಂತ."

ನನಗೆ ಗೊತ್ತಿದ್ದ ತೆಲುಗೆಲ್ಲ ಆ ಹೊತ್ತಿಗೆ ಮರೆತುಹೋಗಿತ್ತು. ಅವಳಿಗೆ ಗೊತ್ತಿದ್ದ ಕನ್ನಡ ಅಲ್ಲಿಗೆ ಮುಗಿದಿತ್ತು. ಅವಳು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. ಆ ಕಡೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಪಟಮಟದ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು.